ಹೂಕುಂಡದ ಸ್ಟ್ಯಾಂಡ್: ಒಂದು ಬಿತ್ತು, ಇನ್ನೊಂದನ್ನು ನಿಲ್ಲಿಸಿದೆ

ರಾತ್ರಿ ಹನ್ನೊಂದರ ಹೊತ್ತಿಗೆ ಬಾಲ್ಕನಿಯಿಂದ ಧಡಾರ್ ಅಂತ ಸದ್ದು. ಬೆಕ್ಕಿನ ಕೆಲಸ ಅಂದುಕೊಂಡು ಬೈಯೋಕೆ ಅಂತಲೇ ಎದ್ದು ಹೋದೆ. ಬೆಕ್ಕು ಇರಲಿಲ್ಲ. ಮೂರು ಅಂತಸ್ತಿನ ಕಬ್ಬಿಣದ ಸ್ಟ್ಯಾಂಡ್ ಮಗುಚಿಕೊಂಡು ಬಿದ್ದಿತ್ತು. ಒಂಬತ್ತು ಕುಂಡಗಳಲ್ಲಿ ನಾಲ್ಕು ಚೂರು. ದಾಸವಾಳ ಬುಡಸಮೇತ ಹೊರಗೆ ಬಂದು ಟೈಲ್ಸ್ ಮೇಲೆ ಮಲಗಿತ್ತು. ಗಾಳಿ ಇರಲಿಲ್ಲ. ಯಾರೂ ಮುಟ್ಟಿರಲಿಲ್ಲ. ಸಂಜೆ ಎಲ್ಲ ಗಿಡಗಳಿಗೂ ಹೊಟ್ಟೆ ತುಂಬ ನೀರು ಹಾಕಿದ್ದೆ, ಅಷ್ಟೇ.

ಆ ಸ್ಟ್ಯಾಂಡಿನ ಡಬ್ಬದ ಮೇಲೆ ಅಂತಸ್ತಿಗೆ 20 ಕೆಜಿ ತಡೆಯುತ್ತದೆ ಅಂತ ಬರೆದಿತ್ತು. ಆ ಒಂದು ಸಾಲನ್ನು ನಂಬಿಕೊಂಡೇ ಅದನ್ನು ತಂದಿದ್ದೆ.

ಬೆಳಗ್ಗೆ ಮಣ್ಣು ಗುಡಿಸಿ, ಬದುಕಿದ ಗಿಡಗಳನ್ನು ಬಕೆಟ್ಟುಗಳಿಗೆ ಹಾಕಿ, ಸ್ಟ್ಯಾಂಡನ್ನು ಮಲಗಿಸಿಕೊಂಡು ಕೂತೆ. ಪೋಸ್ಟ್‌ಮಾರ್ಟಂ ಅಂತಲೇ ಅನ್ನಿ. ಮೊದಲು ಕಣ್ಣಿಗೆ ಬಿದ್ದದ್ದು ಮುಂದಿನ ಎಡಗಾಲು. ನೆಲದಿಂದ ಎರಡು ಬೆರಳು ಮೇಲೆ ಅದು ಮಡಚಿಕೊಂಡಿತ್ತು. ಹೊರಗೆ ಕಪ್ಪು ಬಣ್ಣ ಹಾಗೇ ಮಿರಮಿರ ಅನ್ನುತ್ತಿತ್ತು. ಪಾದಕ್ಕೆ ಹಾಕಿದ್ದ ಪ್ಲಾಸ್ಟಿಕ್ ಮುಚ್ಚಳ ಕಿತ್ತೆ. ಒಂದು ಚಮಚದಷ್ಟು ಕಂದು ನೀರು ಸುರಿಯಿತು. ಅದರ ಹಿಂದೆಯೇ ತುಕ್ಕಿನ ಚಕ್ಕೆಗಳು. ಪೈಪು ಒಳಗಿನಿಂದ ಕರಗಿ ಕಾಗದದಷ್ಟು ತೆಳ್ಳಗಾಗಿತ್ತು. ಮೇಲೆ ಥಳಕು, ಒಳಗೆ ಹುಳುಕು ಅಂತಾರಲ್ಲ, ಅಕ್ಷರಶಃ ಅದೇ.

ನೀರು ಒಳಗೆ ಹೋದದ್ದು ಹೇಗೆ? ಕಾಲಿನ ತಲೆ ತೆರೆದೇ ಇತ್ತು. ಬೋಲ್ಟಿನ ತೂತುಗಳೂ ಇದ್ದವು. ಮೇಲಿನ ಕುಂಡಕ್ಕೆ ನೀರು ಹಾಕಿದಾಗೆಲ್ಲ ಒಂದಿಷ್ಟು ಪೈಪಿನೊಳಗೆ ಇಳಿಯುತ್ತಿತ್ತು. ಕೆಳಗಿನ ಮುಚ್ಚಳ ಅದನ್ನು ಲೋಟದ ಹಾಗೆ ಹಿಡಿದಿಟ್ಟುಕೊಂಡಿತ್ತು. ಬರೀ ನೀರಾಗಿದ್ದರೆ ಇನ್ನೂ ಸ್ವಲ್ಪ ದಿನ ತಡೆಯುತ್ತಿತ್ತೇನೋ. ಗೊಬ್ಬರದ ಉಪ್ಪು ಕರಗಿದ ನೀರು ಅದು. ಸಾಮಾನ್ಯವಾಗಿ ಸಿಗುವ ಪೊಟ್ಯಾಶ್ ಗೊಬ್ಬರದಲ್ಲಿ ಕ್ಲೋರೈಡ್ ಇರುತ್ತದೆ, ಅದು ಕಬ್ಬಿಣಕ್ಕೆ ಹಗೆ.

ಎರಡನೇ ತಪ್ಪು ಜೋಡಣೆಯದು. ಪ್ರತಿ ಅಂತಸ್ತೂ ಕಾಲಿಗೆ ಒಂದೊಂದೇ ಬೋಲ್ಟಿನಲ್ಲಿ ನಿಂತಿತ್ತು. ಒಂದೇ ಬೋಲ್ಟು ಇದ್ದರೆ ಅದು ಜೋಡಣೆಯಲ್ಲ, ಕೀಲು. ಬಾಗಿಲಿನ ಹಾಗೆ ತಿರುಗುತ್ತದೆ. ಎಷ್ಟು ಬಿಗಿ ಮಾಡಿದರೂ ದಿನ ಕಳೆದ ಹಾಗೆ ಸಡಿಲವಾಗುತ್ತದೆ. ಆ ಸ್ಟ್ಯಾಂಡ್ ಮೊದಲಿನಿಂದಲೂ ಕೈ ಇಟ್ಟರೆ ಅತ್ತಿತ್ತ ತೂಗುತ್ತಿತ್ತು. ಕಬ್ಬಿಣ ತಾನೆ, ಏನಾಗುತ್ತದೆ ಅಂತ ಸುಮ್ನೆ ಬಿಟ್ಟಿದ್ದೆ.

ಮೂರನೇ ತಪ್ಪು ನನ್ನದೇ. ಬಿಸಿಲು ಜಾಸ್ತಿ ಬೇಕು ಅಂತ ದೊಡ್ಡ ದಾಸವಾಳವನ್ನು ಎಲ್ಲಕ್ಕಿಂತ ಮೇಲೆ ಕೂರಿಸಿದ್ದೆ.

ತಕ್ಕಡಿ

ಹೊಸದನ್ನು ಹುಡುಕುವ ಮುಂಚೆ ಒಂದು ಕೆಲಸ ಮಾಡಿದೆ. ಕುಂಡಗಳನ್ನು ತೂಗಿದೆ. ಮೈತೂಕ ನೋಡುವ ಯಂತ್ರವನ್ನು ಬಾಲ್ಕನಿಗೆ ತಂದು, ಒಣಗಿದ್ದಾಗ ಒಮ್ಮೆ, ನೀರು ಹಾಕಿ ಕೆಳಗಿನ ತೂತಿನಿಂದ ಹನಿಯೋದು ನಿಂತ ಮೇಲೆ ಇನ್ನೊಮ್ಮೆ. ಹತ್ತು ಇಂಚಿನ ಪ್ಲಾಸ್ಟಿಕ್ ಕುಂಡ ಒಣಗಿದ್ದಾಗ 7.4 ಕೆಜಿ, ನೆಂದಾಗ 9.8. ಎಂಟು ಇಂಚಿನದು ನೆಂದಾಗ 5.2. ಆರು ಇಂಚಿನದು 2.4. ನನ್ನದು ತೋಟದ ಮಣ್ಣು, ಎರೆಗೊಬ್ಬರ, ತೆಂಗಿನ ನಾರಿನ ಪುಡಿ ಬೆರೆಸಿದ ಮಿಶ್ರಣ. ನಾರಿನ ಪುಡಿ ಜಾಸ್ತಿ ಹಾಕುವವರಿಗೆ ಒಣ ತೂಕ ತುಂಬ ಕಡಿಮೆ ಬರುತ್ತದೆ. ಆದರೆ ಅದು ನೀರನ್ನು ಜಾಸ್ತಿ ಹೀರುತ್ತದೆ, ಹಾಗಾಗಿ ಒಣ ತೂಕ ನೋಡಿ ಮೋಸ ಹೋಗಬಾರದು.

ಹನ್ನೆರಡು ಇಂಚಿನ ಮಣ್ಣಿನ ಕುಂಡ ನೆಂದಾಗ 21 ಕೆಜಿ ತೋರಿಸಿತು. ಅಲ್ಲಿಗೆ ಅಂಥವನ್ನು ಸ್ಟ್ಯಾಂಡ್ ಹತ್ತಿಸುವ ಯೋಚನೆ ಬಿಟ್ಟೆ. ಅವು ನೆಲದ ಮೇಲೇ ಇರಲಿ.

ಒಂದು ಲೀಟರ್ ನೀರು ಒಂದು ಕೆಜಿ ಅನ್ನೋದು ಎಲ್ಲರಿಗೂ ಗೊತ್ತು. ಒಂಬತ್ತು ಕುಂಡಕ್ಕೆ ತಲಾ ಎರಡು ಲೀಟರ್ ಹಾಕಿದರೆ ಐದು ನಿಮಿಷದಲ್ಲಿ ಸ್ಟ್ಯಾಂಡಿನ ಮೇಲೆ 18 ಕೆಜಿ ಹೆಚ್ಚಾಯಿತು ಅನ್ನೋದು ಮಾತ್ರ ಯಾಕೋ ತಲೆಗೆ ಹೋಗೋದಿಲ್ಲ. ಅವತ್ತು ರಾತ್ರಿ ಆದದ್ದು ಅದೇ.

ಹೊಸ ಸ್ಟ್ಯಾಂಡಿನ ಲೆಕ್ಕ ಹೀಗೆ ಬಂತು. ಕೆಳಗೆ ಹತ್ತು ಇಂಚಿನ ಮೂರು, ನಡುವೆ ಎಂಟು ಇಂಚಿನ ಮೂರು, ಮೇಲೆ ಆರು ಇಂಚಿನ ಐದು. ಎಲ್ಲ ನೆಂದಾಗ 57 ಕೆಜಿ.

ಯಾವ ಆಕಾರ

ಮೊದಲು ಮನಸ್ಸು ಹೋದದ್ದು ನೆಟ್ಟಗೆ ನಿಲ್ಲುವ ರ‍್ಯಾಕ್ ಕಡೆಗೆ. ಜಾಗ ಕಡಿಮೆ ಸಾಕು, ನೋಡೋಕೂ ಚೆಂದ. 120 ಸೆಂಮೀ ಎತ್ತರ, 28 ಸೆಂಮೀ ಆಳ. ಕಾಗದದ ಮೇಲೆ ಒಂದು ಸಣ್ಣ ಲೆಕ್ಕ ಹಾಕಿದೆ. ಕುಂಡಗಳೂ ರ‍್ಯಾಕೂ ಸೇರಿ 64 ಕೆಜಿ. ಅದರ ಭಾರ ಮಧ್ಯದಲ್ಲಿ, ಅಂದರೆ ಮುಂದಿನ ಕಾಲಿನಿಂದ 14 ಸೆಂಮೀ ಹಿಂದೆ ಇದೆ ಅಂತಿಟ್ಟುಕೊಳ್ಳಿ. ಮೇಲ್ತುದಿಯನ್ನು ಮುಂದಕ್ಕೆ ಎಳೆದರೆ ಎಷ್ಟು ಬಲಕ್ಕೆ ಹಿಂದಿನ ಕಾಲು ನೆಲ ಬಿಡುತ್ತದೆ? 64 ಗುಣಿಸು 14, ಭಾಗಿಸು 120. ಏಳೂವರೆ ಕೆಜಿ. ಒಂದು ಮಗು ಹಿಡಿದು ಜೋತುಬಿದ್ದರೆ ಸಾಕು. ಬಳ್ಳಿ ಬೆಳೆದು ಎಲೆ ತುಂಬಿದ ಮೇಲೆ ಜೋರು ಗಾಳಿಯೂ ಆ ಕೆಲಸ ಮಾಡೀತು. ಇಂಥ ರ‍್ಯಾಕನ್ನು ಗೋಡೆಗೆ ಬೋಲ್ಟು ಹಾಕಿ ಕಟ್ಟಿದರೆ ಮಾತ್ರ ಸರಿ. ನನ್ನ ಗೋಡೆಗೆ ತೂತು ಕೊರೆಯುವ ಹಾಗಿರಲಿಲ್ಲ.

ಮೆಟ್ಟಿಲಿನ ಆಕಾರದ್ದಕ್ಕೂ ಅದೇ ಲೆಕ್ಕ ಹಾಕಿದೆ. ಮೂರು ಮೆಟ್ಟಿಲು, ಒಂದೊಂದೂ 25 ಸೆಂಮೀ ಎತ್ತರ, 25 ಸೆಂಮೀ ಆಳ. ಅಗಲ 90. ಸ್ಟ್ಯಾಂಡಿನ ಸ್ವಂತ ತೂಕ 12 ಕೆಜಿ ಸೇರಿಸಿದರೆ ಒಟ್ಟು 69. ಭಾರದ ನಡು ಮುಂದಿನ ಕಾಲಿನಿಂದ ಸುಮಾರು 31 ಸೆಂಮೀ ಹಿಂದೆ ಬಂತು. ಮುಂದಕ್ಕೆ ಉರುಳಿಸೋಕೆ 75 ಸೆಂಮೀ ಎತ್ತರದಲ್ಲಿ ಸುಮಾರು 29 ಕೆಜಿ ಬಲ ಬೇಕು. ಏಳೂವರೆ ಎಲ್ಲಿ, 29 ಎಲ್ಲಿ! ಮೆಟ್ಟಿಲು ಜಾಗ ತಿನ್ನುತ್ತದೆ, ನಿಜ. ಅದು ಸುಮ್ನೆ ತಿನ್ನೋದಲ್ಲ ಅಂತ ಒಪ್ಪಿಕೊಂಡೆ. ಜೊತೆಗೆ ಮೇಲಿನ ಗಿಡ ಕೆಳಗಿನದಕ್ಕೆ ನೆರಳಾಗೋದಿಲ್ಲ. ಮೇಲಿನ ಕುಂಡದ ನೀರು ಕೆಳಗಿನ ಎಲೆಗಳ ಮೇಲೆ ಸುರಿಯೋದೂ ಇಲ್ಲ.

ಮೆಟ್ಟಿಲಿನಲ್ಲೂ ಒಂದು ಕಳ್ಳ ಜಾತಿ ಇದೆ. ಏಣಿಯ ಹಾಗೆ ಎರಡೇ ಜೋಡಿ ಕಾಲು, ಮೆಟ್ಟಿಲುಗಳು ಕಾಲಿನಿಂದ ಹೊರಗೆ ಚಾಚಿಕೊಂಡಿರುತ್ತವೆ. ಚಾಚಿದ ಭಾಗದ ಮೇಲೆ ಭಾರದ ಕುಂಡ ಇಟ್ಟು ಮಿಕ್ಕದ್ದು ಖಾಲಿ ಬಿಟ್ಟರೆ ಮುಗೀತು. ಸ್ಟ್ಯಾಂಡ್ ಯಾವಾಗಲೂ ತುಂಬಿರುತ್ತದೆ ಅಂತ ಲೆಕ್ಕ ಹಾಕಬಾರದು. ಮಣ್ಣು ಬದಲಿಸುವ ದಿನ ಅರ್ಧ ಕುಂಡ ಕೆಳಗಿರುತ್ತವೆ, ಅರ್ಧ ಮೇಲಿರುತ್ತವೆ. ಆ ಹೊತ್ತಿಗೂ ಅದು ನಿಲ್ಲಬೇಕು. ಹಾಗಾಗಿ ಪ್ರತಿ ಮೆಟ್ಟಿಲಿನ ಹೊರ ಅಂಚಿನ ನೇರ ಕೆಳಗೆ ನೆಲ ಮುಟ್ಟುವ ಕಾಲು ಇರಲೇಬೇಕು ಅಂತ ನಿಯಮ ಮಾಡಿಕೊಂಡೆ. ಒಂದೇ ಕಂಬಕ್ಕೆ ಸುತ್ತ ಬಳೆ ಸಿಕ್ಕಿಸಿದ ಸುರುಳಿ ಸ್ಟ್ಯಾಂಡುಗಳನ್ನು ಈ ನಿಯಮ ಒಂದೇ ಏಟಿಗೆ ಪಟ್ಟಿಯಿಂದ ಹೊರಗೆ ಹಾಕಿತು. ಚೆಂದ ಇರುತ್ತವೆ. ಇರಲಿ.

ಲೋಹ ಯಾವುದು ಅನ್ನೋದಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಅಲ್ಯೂಮಿನಿಯಂ ತುಕ್ಕು ಹಿಡಿಯೋದಿಲ್ಲ, ತೂಕ ಉಕ್ಕಿನ ಮೂರನೇ ಒಂದು ಭಾಗ. ಆದರೆ ಅದರ ಬಿಗುವೂ ಮೂರನೇ ಒಂದೇ, ಅದೇ ಅಳತೆಯ ಪೈಪು ಮೂರು ಪಟ್ಟು ಬಾಗುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಒಳ್ಳೆಯದು, ನನ್ನ ಕೈಗೆಟುಕಲಿಲ್ಲ. ಜಿಐ, ಅಂದರೆ ಸತುವಿನ ಲೇಪ ಇರುವ ಉಕ್ಕು, ಹೊರಗಿಡುವ ಸ್ಟ್ಯಾಂಡಿಗೆ ನಿಜಕ್ಕೂ ಹೇಳಿಮಾಡಿಸಿದ್ದು. ಗೀರು ಬಿದ್ದರೂ ಸುತ್ತಲಿನ ಸತು ತಾನು ಸವೆದು ಕಬ್ಬಿಣವನ್ನು ಕಾಯುತ್ತದೆ. ಪೌಡರ್ ಕೋಟಿಂಗಿಗೆ, ಅಂದರೆ ಪುಡಿ ಎರಚಿ ಬೇಯಿಸಿದ ಬಣ್ಣಕ್ಕೆ, ಆ ಗುಣ ಇಲ್ಲ. ಅದು ಬರೀ ಹೊದಿಕೆ. ಎಲ್ಲಿ ಹರಿಯಿತೋ ಅಲ್ಲಿಂದ ತುಕ್ಕು ಒಳಗೊಳಗೇ ಹರಿದಾಡುತ್ತದೆ. ನನಗೆ ಬೇಕಾದ ಆಕಾರ, ಅಳತೆಯಲ್ಲಿ ಜಿಐ ಸಿಗಲಿಲ್ಲ. ಪೌಡರ್ ಕೋಟಿಂಗಿನ ಸಾದಾ ಉಕ್ಕನ್ನೇ ತರಿಸಿದೆ, ಬಿಚ್ಚಿ ಜೋಡಿಸುವಂಥದ್ದು. ಮಿಕ್ಕದ್ದನ್ನು ಮನೆಯಲ್ಲೇ ಸರಿಮಾಡಿಕೊಳ್ಳೋಣ ಅಂತ.

(ನೀವೇ ಜಿಐ ಪೈಪು ತಂದು ವೆಲ್ಡ್ ಮಾಡಿಸೋದಾದರೆ ಒಂದು ಮಾತು. ಬೆಸೆಯುವ ಜಾಗದಲ್ಲಿ ಸತುವನ್ನು ಮೊದಲೇ ಉಜ್ಜಿ ತೆಗೆಸಿ. ಸತು 907 ಡಿಗ್ರಿಗೆ ಕುದಿದು ಹೊಗೆಯಾಗುತ್ತದೆ, ವೆಲ್ಡಿಂಗಿನ ಬಿಸಿ ಅದಕ್ಕಿಂತ ಎಷ್ಟೋ ಮೇಲೆ. ಆ ಬಿಳಿ ಹೊಗೆ ಕುಡಿದವರಿಗೆ ರಾತ್ರಿ ಚಳಿಜ್ವರ ಗ್ಯಾರಂಟಿ. ಬೆಸೆದ ಮೇಲೆ ಆ ಜಾಗಕ್ಕೆ ಸತುವಿನ ಪ್ರೈಮರ್ ಬಳಿಯೋದನ್ನೂ ಮರೆಯಬಾರದು.)

ಡಬ್ಬ ಬಿಚ್ಚಿದಾಗ

ಪೈಪು 25 ಮಿಮೀ ಚೌಕ, ದಪ್ಪ 1.6 ಮಿಮೀ ಅಂತ ಹೇಳಿದ್ದರು. ಪೈಪಿನ ತುದಿ ಒಳಕ್ಕೆ ಮಡಚಿದ ಹಾಗಿತ್ತು, ಕ್ಯಾಲಿಪರ್ ಹಿಡಿಯಲಿಲ್ಲ. ಆದರೆ ದಪ್ಪ ಗೊತ್ತಾಗೋಕೆ ತಕ್ಕಡಿ ಸಾಕು. ಚೌಕ ಪೈಪಿಗೆ ಸೂತ್ರ ಸುಲಭ. ಬದಿಯಿಂದ ದಪ್ಪ ಕಳೆಯಿರಿ, ನಾಲ್ಕರಿಂದ ಗುಣಿಸಿ, ಮತ್ತೆ ದಪ್ಪದಿಂದ ಗುಣಿಸಿ. ಅದನ್ನು ಉಕ್ಕಿನ ಸಾಂದ್ರತೆ 7.85ರಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ ಮೀಟರಿಗೆ ಇಷ್ಟು ಕೆಜಿ ಅಂತ ಬರುತ್ತದೆ. 1.6 ಮಿಮೀ ಆಗಿದ್ದರೆ ಮೀಟರಿಗೆ 1.18 ಕೆಜಿ. 1.2 ಆಗಿದ್ದರೆ 0.9. ನನ್ನ ಉದ್ದದ ಕಾಲು 75 ಸೆಂಮೀ. ಅಡುಗೆಮನೆಯ ತಕ್ಕಡಿಯಲ್ಲಿಟ್ಟೆ. 1.6 ಆಗಿದ್ದರೆ ಸುಮಾರು 880 ಗ್ರಾಂ ಬರಬೇಕಿತ್ತು. ಬಂದದ್ದು 670. ಅಂದರೆ 1.2.

ಸಿಟ್ಟು ಬಂತು. ವಾಪಸ್ ಕಳಿಸೋಣ ಅನ್ನಿಸಿತು. ಆಮೇಲೆ ಇನ್ನೊಂದು ಲೆಕ್ಕ ಹಾಕಿ ಸುಮ್ಮನಾದೆ. 1.2 ಮಿಮೀ ಪೈಪಿನ ಅಡ್ಡಕೊಯ್ತದಲ್ಲಿ 114 ಚದರ ಮಿಮೀ ಉಕ್ಕು ಇದೆ. ಅಷ್ಟು ಉಕ್ಕು, ನೆಟ್ಟಗೆ ನಿಂತು, ನೆತ್ತಿಯ ಮೇಲೆ ನೇರವಾಗಿ ಭಾರ ಬಿದ್ದರೆ 2 ಟನ್‌ಗೂ ಜಾಸ್ತಿ ತಡೆಯುತ್ತದೆ. ಒಂದೇ ಕಾಲು! ನನ್ನದು ಆರು ಕಾಲು, 57 ಕೆಜಿ. ಭಾರ ತಡೆಯೋದು ಯಾವತ್ತೂ ಪ್ರಶ್ನೆಯೇ ಆಗಿರಲಿಲ್ಲ. ಡಬ್ಬದ ಮೇಲಿನ ಆ 20 ಕೆಜಿ ಕೂಡ ಸುಳ್ಳಲ್ಲ. ಅದು ಸ್ಟ್ಯಾಂಡ್ ನೆಟ್ಟಗೆ ನಿಂತಿರುವಾಗಿನ ಮಾತು. ಸ್ಟ್ಯಾಂಡುಗಳು ಕುಸಿಯೋದಿಲ್ಲ, ವಾಲುತ್ತವೆ. ವಾಲಿದ ಮೇಲೆ ಬೀಳುತ್ತವೆ. ವಾಲೋದು ಜೋಡಣೆಯಲ್ಲಿ, ಪಾದದಲ್ಲಿ. ನನ್ನ ಗಮನವೆಲ್ಲ ಆ ಎರಡು ಜಾಗಕ್ಕೆ ಹೋಯಿತು.

ಒಂದು ಸಮಾಧಾನ ಅಂದರೆ ಇದರಲ್ಲಿ ಪ್ರತಿ ಜೋಡಣೆಗೂ ಎರಡೆರಡು ಬೋಲ್ಟಿನ ತೂತು ಇತ್ತು, ಒಂದರಿಂದ ಒಂದು 40 ಮಿಮೀ ದೂರ. ಬೋಲ್ಟುಗಳ ನಡುವೆ ಎಷ್ಟು ದೂರ ಇರುತ್ತದೋ ತಿರುಗೋಕೆ ಅಷ್ಟು ಕಷ್ಟ.

ಜೋಡಿಸಿದ್ದು

ಎಲ್ಲ ಬೋಲ್ಟುಗಳನ್ನೂ ಮೊದಲು ಬೆರಳಲ್ಲಿ ತಿರುಗಿಸಿ ಸಡಿಲವಾಗಿ ನಿಲ್ಲಿಸಿದೆ. ಒಂದನ್ನು ಪೂರ್ತಿ ಬಿಗಿದು ಇನ್ನೊಂದಕ್ಕೆ ಹೋದರೆ ಕೊನೆಯ ತೂತು ಸೇರೋದಿಲ್ಲ, ಆಮೇಲೆ ಸುತ್ತಿಗೆ ಹಿಡಿಯಬೇಕಾಗುತ್ತದೆ. ಹಿಂಬದಿಯ ಚೌಕಟ್ಟಿನ ಎರಡು ಕರ್ಣ ಅಳೆದೆ. ಒಂದು 112.4 ಸೆಂಮೀ, ಇನ್ನೊಂದು 110.9. ಅಂದರೆ ಚೌಕಟ್ಟು ಒಂದು ಕಡೆ ಓರೆಯಾಗಿದೆ. ಉದ್ದ ಕರ್ಣದ ತುದಿ ಹಿಡಿದು ಒತ್ತಿ ಒತ್ತಿ ಎರಡೂ ಸಮ ಬರುವ ಹಾಗೆ ಮಾಡಿ, ಆಮೇಲೆ ಬಿಗಿದೆ. ಮೂಲೆಮಟ್ಟಕ್ಕಿಂತ ಇದು ನಂಬಿಕಸ್ಥ. ಜೊತೆಗೆ ಕೊಟ್ಟಿದ್ದ ಸಾದಾ ನಟ್ಟುಗಳನ್ನು ಎಸೆದು ನೈಲಾಕ್ ನಟ್ಟು ಹಾಕಿದೆ. ಒಳಗೆ ನೈಲಾನ್ ಬಳೆ ಇರುವ ನಟ್ಟು ಅದು, ಅಲುಗಾಟಕ್ಕೆ ಬಿಚ್ಚಿಕೊಳ್ಳೋದಿಲ್ಲ. ಎರಡೂ ಬದಿಗೆ ವಾಷರ್. ಪೈಪು ತೆಳ್ಳಗಿದ್ದಾಗ ಜೋಶಿನಲ್ಲಿ ಬಿಗಿದರೆ ಪೈಪೇ ಚಪ್ಪಟೆಯಾಗುತ್ತದೆ. ನನ್ನದು ಒಂದು ಕಡೆ ಹಾಗಾಯಿತು. ಹೇಳಿಕೊಳ್ಳೋಕೆ ನಾಚಿಕೆ, ಆದರೂ ಹೇಳಿದೆ.

ಕುಂಡ ಇಡುವ ಮುಂಚೆ ಅಷ್ಟೇ ತೂಕದ ನೀರಿನ ಕ್ಯಾನುಗಳನ್ನು ಇಟ್ಟು ನೋಡಿದೆ. ಬಿದ್ದರೂ ಗಿಡ ಸಾಯೋದಿಲ್ಲ ಅಲ್ವಾ. ಎರಡು ರೋಗ ಕಂಡವು.

ಮೊದಲನೆಯದು, ಕೆಳಗಿನ ಮೆಟ್ಟಿಲು ನಡುವೆ ಜೋತು ಬಿತ್ತು. ಈ ತುದಿಯಿಂದ ಆ ತುದಿಗೆ ದಾರ ಎಳೆದು ಅಳೆದೆ. 14 ಮಿಮೀ. ಕಾರಣ ನೋಡಿದ ಕೂಡಲೇ ಗೊತ್ತಾಯಿತು. ಕುಂಡ ಕೂರುವ ನಾಲ್ಕು ಪಟ್ಟಿಗಳು 25 ಮಿಮೀ ಅಗಲ, 3 ಮಿಮೀ ದಪ್ಪ, ಅಂಗಾತ ಮಲಗಿಸಿ 90 ಸೆಂಮೀ ಉದ್ದಕ್ಕೆ ಬೆಸೆದಿದ್ದರು. ನಡುವೆ ಆಧಾರ ಇಲ್ಲ. ಇದೇ ಪಟ್ಟಿಯನ್ನು ಅಂಚಿನ ಮೇಲೆ ನಿಲ್ಲಿಸಿದರೆ ಅದರ ಬಿಗುವು ಸುಮಾರು 70 ಪಟ್ಟು. ನಂಬೋಕೆ ಆಗೋದಿಲ್ಲ ಅಂದರೆ ಒಂದು ಉಕ್ಕಿನ ಸ್ಕೇಲ್ ತಗೊಳ್ಳಿ. ಅಗಲದ ಕಡೆ ಬಗ್ಗಿಸಿ, ಆಮೇಲೆ ಅಂಚಿನ ಕಡೆ ಬಗ್ಗಿಸಿ ನೋಡಿ. ಅಂಗಡಿಯಲ್ಲಿ ಸ್ಟ್ಯಾಂಡ್ ನೋಡುವಾಗ ಪಟ್ಟಿ ಮಲಗಿದೆಯೋ ನಿಂತಿದೆಯೋ ಅಂತ ನೋಡಬೇಕು ಅನ್ನೋದು ನನಗೆ ಹೊಳೆದದ್ದು ಆಗ. ಪಟ್ಟಿಯ ಬದಲು ಆ್ಯಂಗಲ್, ಅಂದರೆ ಎಲ್ ಆಕಾರದ ಉಕ್ಕು, ಇದ್ದರೆ ಇನ್ನೂ ವಾಸಿ.

ಬೆಸೆದದ್ದನ್ನು ಕಿತ್ತು ನಿಲ್ಲಿಸೋಕೆ ಆಗುವುದಿಲ್ಲ. ಆದರೆ ನಡುವೆ ಒಂದು ಆಧಾರ ಕೊಡಬಹುದು. ಅದೇ ಭಾರಕ್ಕೆ ಉದ್ದ ಅರ್ಧವಾದರೆ ಜೋತುಬೀಳೋದು ಎಂಟನೇ ಒಂದು ಭಾಗ ಆಗುತ್ತದೆ. ಇಲ್ಲಿ ಪ್ರತಿ ಅರ್ಧಕ್ಕೂ ಬರುವ ಭಾರವೂ ಅರ್ಧ, ಅಂದರೆ ಹದಿನಾರನೇ ಒಂದು. 25 ಮಿಮೀ ಚೌಕ ಪೈಪಿನ 20 ಸೆಂಮೀ ತುಂಡು ಮೂರು ಕತ್ತರಿಸಿದೆ. ಮೆಟ್ಟಿಲಿನ ಮುಂದಿನ ಪೈಪಿಗೂ ಹಿಂದಿನ ಪೈಪಿಗೂ ನಡುವೆ ಅದು ಸರಿಯಾಗಿ ಕೂರುತ್ತದೆ. ತಲೆ ಸಮವಾಗಿ ಪಟ್ಟಿಗಳ ಅಡಿಗೆ ತಾಗುತ್ತದೆ. ಎರಡೂ ತುದಿಗೆ ಸಣ್ಣ ಎಲ್ ಆಕಾರದ ಕ್ಲ್ಯಾಂಪು, 6 ಮಿಮೀ ಬೋಲ್ಟು. ವೆಲ್ಡಿಂಗ್ ಬೇಕಾಗಲಿಲ್ಲ. ಮೂರು ಮೆಟ್ಟಿಲಿಗೂ ಸೇರಿ ಒಂದು ಮಧ್ಯಾಹ್ನ ಹಿಡಿಯಿತು. ಅದರಲ್ಲಿ ಅರ್ಧ ಹೊತ್ತು ಮೊಂಡಾದ ಡ್ರಿಲ್ ಬಿಟ್ಟಿನ ಜೊತೆ ಜಗಳ. ಉಕ್ಕಿಗೆ ಡ್ರಿಲ್ಲನ್ನು ನಿಧಾನ ತಿರುಗಿಸಿ ಗಟ್ಟಿ ಒತ್ತಬೇಕು, ಒಂದು ಹನಿ ಎಣ್ಣೆ ಬಿಡಬೇಕು. ನಾನು ಜೋರಾಗಿ ತಿರುಗಿಸಿ ಬಿಟ್ಟನ್ನೇ ಸುಟ್ಟೆ. ಮತ್ತೆ ಕ್ಯಾನು ಇಟ್ಟು ದಾರ ಎಳೆದೆ. 1 ಮಿಮೀ ಇದ್ದೀತು.

ಎರಡನೇ ರೋಗ ತೂಗಾಟ. ಮೇಲಿನ ಮೂಲೆಗೆ ಒಂದು ಕೈ ಇಟ್ಟು ಎಡಕ್ಕೆ ತಳ್ಳಿದರೆ 35 ಮಿಮೀ ಸರಿಯುತ್ತಿತ್ತು. ಬದಿಗಳಲ್ಲಿ ಪರವಾಗಿಲ್ಲ, ಅಲ್ಲಿ ಮೆಟ್ಟಿಲುಗಳ ಅಡ್ಡಪೈಪುಗಳು ಕಾಲುಗಳನ್ನು ಗಟ್ಟಿ ಹಿಡಿದಿವೆ. ಹಿಂಬದಿ ಮಾತ್ರ ಬರೀ ಖಾಲಿ ಚೌಕ. ನಾಲ್ಕು ಕಡ್ಡಿ, ನಾಲ್ಕು ಮೊಳೆ ಹಾಕಿ ಚೌಕ ಮಾಡಿ ಒತ್ತಿದರೆ ವಾಲುತ್ತದೆ. ಮೂರು ಕಡ್ಡಿಯ ತ್ರಿಕೋನ ವಾಲುವುದಿಲ್ಲ. ವಾಲಬೇಕಾದರೆ ಯಾವುದಾದರೂ ಕಡ್ಡಿ ಉದ್ದವಾಗಬೇಕು ಇಲ್ಲವೇ ಗಿಡ್ಡವಾಗಬೇಕು. ಹಾಗಾಗಿ ಹಿಂಬದಿಗೆ 20 ಮಿಮೀ ಅಗಲದ ಓರೆಪಟ್ಟಿ ಹಾಕಿದೆ.

ಒಂದೇ ಹಾಕಿ ಉಳಿಸೋಣ ಅಂತ ಮೊದಲು ನೋಡಿದೆ. ಒಂದು ಕಡೆ ತಳ್ಳಿದರೆ ಕಲ್ಲಿನ ಹಾಗೆ ನಿಂತಿತು. ಇನ್ನೊಂದು ಕಡೆಗೆ ತಳ್ಳಿದರೆ ಪಟ್ಟಿ ಬಿಲ್ಲಿನ ಹಾಗೆ ಬಾಗಿ ಹೊರಗೆ ಬಂತು. ತೆಳು ಪಟ್ಟಿ ಹಗ್ಗ ಇದ್ದ ಹಾಗೆ, ಎಳೆದರೆ ತಡೆಯುತ್ತದೆ, ಒತ್ತಿದರೆ ಮಡಚುತ್ತದೆ. ಅದಕ್ಕೇ ಎರಡು ಬೇಕು, ಕತ್ತರಿ ಆಕಾರದಲ್ಲಿ. ಎರಡೂ ಸೇರುವ ನಡುವೆ ಒಂದು ಬೋಲ್ಟು ಹಾಕಿದರೆ ಪಟಪಟ ಸದ್ದೂ ಇರುವುದಿಲ್ಲ. ಹಾಕಿದ ಮೇಲೆ ತಳ್ಳಿ ಅಳೆದೆ. 4 ಮಿಮೀ. ಇಡೀ ಕೆಲಸದಲ್ಲಿ ನನಗೆ ತುಂಬ ಖುಷಿ ಕೊಟ್ಟ ಗಳಿಗೆ ಅದು. ಸುಮ್ಮಸುಮ್ಮನೆ ಮೂರು ನಾಲ್ಕು ಸಲ ಹೋಗಿ ತಳ್ಳಿ ಬಂದೆ. ಎರಡು ಕಬ್ಬಿಣದ ಪಟ್ಟಿ, ಐದು ಬೋಲ್ಟು. ಹಳೆಯ ಸ್ಟ್ಯಾಂಡಿಗೆ ಇಷ್ಟೇ ಮಾಡಿದ್ದರೆ ಇನ್ನೂ ಒಂದು ವರ್ಷ ಬದುಕುತ್ತಿತ್ತು. ಕಾಲು ಕೊಳೆತಿತ್ತು ನಿಜ, ಆದರೆ ಅದನ್ನು ಮುರಿದದ್ದು ತೂಗಾಟ.

ಪಾದ ಮತ್ತು ತುಕ್ಕು

ಈ ಸಲ ಕಾಲಿನ ಒಳಗೂ ಬಣ್ಣ ಬೇಕು ಅಂತ ಹಟ ಹಿಡಿದೆ. ಪೌಡರ್ ಕೋಟಿಂಗ್ ಪುಡಿಯನ್ನು ಹೊರಗಿನಿಂದ ಎರಚಿ, ಒಲೆಯಲ್ಲಿ ಸುಮಾರು 180ರಿಂದ 200 ಡಿಗ್ರಿಗೆ ಬೇಯಿಸುತ್ತಾರೆ. ಪೈಪಿನ ಒಳಗೆ ಪುಡಿ ಹೋಗುವುದೇ ಇಲ್ಲ. ಒಳಮೈ ಬರೀ ಬತ್ತಲೆ ಉಕ್ಕು.

ಕಾಲುಗಳನ್ನು ಮತ್ತೆ ಬಿಚ್ಚಿದೆ. ಇದನ್ನು ಜೋಡಿಸುವ ಮುಂಚೆಯೇ ಮಾಡಬೇಕಿತ್ತು, ಬುದ್ಧಿ ಆಮೇಲೆ ಬಂತು. ಪಾದದ ಮುಚ್ಚಳದಿಂದ ಒಂದು ಬೆರಳು ಮೇಲೆ, ಹಿಂಬದಿಗೆ ಕಾಣದ ಹಾಗೆ, 6 ಮಿಮೀ ತೂತು ಕೊರೆದೆ. ನೀರು ಒಳಗೆ ಬಾರದ ಹಾಗೆ ಪೂರ್ತಿ ಮುಚ್ಚೋದು ನಮ್ಮಂಥವರ ಕೈಲಾಗದ ಮಾತು. ಬಂದದ್ದು ಹೊರಗೆ ಹೋಗೋಕೆ ದಾರಿ ಕೊಡೋದು ಸುಲಭ. ಆ ತೂತಿನ ಕೆಳಗೆ ಉಳಿಯುವ ಒಂದು ಬೆರಳು ಜಾಗವನ್ನು ಸಿಲಿಕೋನ್ ತುಂಬಿ ಮುಚ್ಚಿದೆ. ಇಲ್ಲದಿದ್ದರೆ ಅಲ್ಲೇ ಮತ್ತೆ ಲೋಟ ಆಗುತ್ತದೆ.

ಆಮೇಲೆ ರೆಡ್ ಆಕ್ಸೈಡ್ ಪ್ರೈಮರನ್ನು ಥಿನ್ನರ್ ಹಾಕಿ ತೆಳ್ಳಗೆ ಮಾಡಿ, ಕಾಲಿನ ತಲೆಯಿಂದ ಸುರಿದು, ಎರಡೂ ತುದಿ ಮುಚ್ಚಿ ತಿರುಗಿಸಿ ತಿರುಗಿಸಿ ಹೆಚ್ಚಾದದ್ದನ್ನು ಬಸಿದೆ. ಕೈ, ಅಂಗಿ, ನೆಲ ಎಲ್ಲ ಕೆಂಪು. ಹಳೆ ಪೇಪರ್ ಹಾಸಿಕೊಳ್ಳಿ, ಕೈಗೆ ಗ್ಲೌಸ್ ಹಾಕಿಕೊಳ್ಳಿ, ಕಿಟಕಿ ತೆರೆದಿಡಿ. ಕೊರೆದ ತೂತುಗಳ ಅಂಚು, ಕತ್ತರಿಸಿದ ತುದಿ, ಬೋಲ್ಟು ಬಿಗಿಯುವಾಗ ಬಣ್ಣ ಹಾರಿದ ಜಾಗ, ಎಲ್ಲಕ್ಕೂ ಸತುವಿನ ಪ್ರೈಮರ್ ಕುಂಚದಲ್ಲಿ ಮುಟ್ಟಿಸಿ, ಮೇಲೆ ಎನಾಮೆಲ್ ಎರಡು ಕೈ. ಸತುವಿನ ಪ್ರೈಮರ್ ಕೆಲಸ ಮಾಡಬೇಕಾದರೆ ಅದು ಬತ್ತಲೆ ಉಕ್ಕಿಗೇ ಅಂಟಬೇಕು. ತುಕ್ಕಿನ ಮೇಲೆ, ಹಳೆ ಬಣ್ಣದ ಮೇಲೆ ಬಳಿದರೆ ದಂಡ. ಮೇಲಿನ ತುದಿಗಳಿಗೆ ಮುಚ್ಚಳ ಹಾಕಿ ಸುತ್ತ ಸಿಲಿಕೋನ್ ಎಳೆದೆ.

ಪಾದಕ್ಕೆ ಎತ್ತರ ಹೊಂದಿಸುವ ಬೋಲ್ಟು ಹಾಕಿಸಿಕೊಂಡೆ. ಬಾಲ್ಕನಿಯ ನೆಲ ನೀರು ಹರಿಯಲಿ ಅಂತ ಇಳಿಜಾರು ಇರುತ್ತದೆ. ರಸಮಟ್ಟ ಇಟ್ಟು ನೋಡಿದರೆ ನನ್ನ 75 ಸೆಂಮೀ ಆಳಕ್ಕೆ 9 ಮಿಮೀ ಮುಂದಕ್ಕೆ ಇಳಿದಿತ್ತು. ಹಳೆಯ ಸ್ಟ್ಯಾಂಡ್ ಮುಂದಕ್ಕೇ ಯಾಕೆ ಬಿತ್ತು ಅನ್ನೋದಕ್ಕೆ ಇದೂ ಉತ್ತರ. ಮೂರು ಕಾಲಿನ ಸ್ಟೂಲ್ ಎಂಥ ನೆಲದ ಮೇಲೂ ಗಡಗಡ ಅನ್ನೋದಿಲ್ಲ. ನಾಲ್ಕು ಕಾಲಾದ ಕೂಡಲೇ ಒಂದು ಗಾಳಿಯಲ್ಲಿರುತ್ತದೆ. ಆರು ಕಾಲಿನದ್ದನ್ನು ಕೇಳಬೇಡಿ. ಮೊದಲು ಹೊರಗಿನ ನಾಲ್ಕು ಮೂಲೆಗಳನ್ನು ಮಟ್ಟಕ್ಕೆ ತಂದೆ. ಆಮೇಲೆ ನಡುವಿನ ಎರಡನ್ನು ನೆಲಕ್ಕೆ ತಾಗುವವರೆಗೆ ಇಳಿಸಿದೆ. ಒಂದು ಚೀಟಿ ತೂರಿಸಿ ಎಳೆದರೆ ಬಿಗಿಯಾಗಿ ಬರಬೇಕು. ಅಷ್ಟು ಸಾಕು.

ಚಕ್ರ ಹಾಕಲಿಲ್ಲ. ಗುಡಿಸೋಕೆ ಅನುಕೂಲ ಅಂತ ಎಲ್ಲರೂ ಹೇಳುತ್ತಾರೆ. 57 ಕೆಜಿ ಮಣ್ಣನ್ನು ಚಕ್ರದ ಮೇಲೆ ಇಳಿಜಾರಿನಲ್ಲಿ ನಿಲ್ಲಿಸುವ ಧೈರ್ಯ ನನಗಿಲ್ಲ.

ಕುಂಡ ಹತ್ತಿಸಿದ್ದು

ಕೆಳಗಿನಿಂದ ಮೇಲಕ್ಕೆ ಇಟ್ಟೆ. ಇಳಿಸುವಾಗ ಮೇಲಿನಿಂದ ಕೆಳಕ್ಕೆ. ದಾಸವಾಳ, ಗುಲಾಬಿ ಕೆಳಗಿನ ಮೆಟ್ಟಿಲಿಗೆ ಬಂದವು. ಮುಂದೆ ಇರೋದರಿಂದ ಬಿಸಿಲಿಗೇನೂ ಕೊರತೆ ಇಲ್ಲ. ನಡುವೆ ಜರೀಗಿಡಗಳು, ಒಂದು ಸ್ನೇಕ್ ಪ್ಲಾಂಟ್. ಮೇಲೆ ಲೋಳೆಸರ, ಜೇಡ್, ಇನ್ನಿತರ ಪುಟಾಣಿಗಳು. ಇವು ನೀರು ಕಡಿಮೆ ಕೇಳುತ್ತವೆ, ಹಾಗಾಗಿ ಮೇಲಿನ ಮೆಟ್ಟಿಲು ಬಹುಪಾಲು ಒಣಗಿಯೇ ಇರುತ್ತದೆ.

ಕುಂಡ ನೇರವಾಗಿ ಪಟ್ಟಿಯ ಮೇಲೆ ಕೂತರೆ ತಿರುಗಿಸುವಾಗೆಲ್ಲ ಬಣ್ಣ ತರಚುತ್ತದೆ. ಹಳೆಯ ಸೈಕಲ್ ಟ್ಯೂಬನ್ನು ಬೆರಳಗಲದ ತುಂಡು ಮಾಡಿ, ಕುಂಡಕ್ಕೆ ಮೂರರಂತೆ ಅಡಿಗೆ ಇಟ್ಟೆ. ಉದ್ದಕ್ಕೂ ಹಾಸಲಿಲ್ಲ. ಹಾಸಿದರೆ ಅದರಡಿ ನೀರು ನಿಂತು ಮತ್ತೆ ಅದೇ ಕತೆ. ನೀರು ಹಿಡಿಯುವ ತಟ್ಟೆಗಳನ್ನೂ ತೆಗೆದುಹಾಕಿದೆ. ಪಟ್ಟಿಗಳ ಸಂದಿಯಲ್ಲಿ ನೀರು ನೆಲಕ್ಕೆ ಇಳಿದು ಹೋಗಲಿ.

ಮೂರು ತಿಂಗಳು ಆಯಿತು, ಅದರಲ್ಲಿ ಒಂದು ತಿಂಗಳು ಬಿಡದೆ ಮಳೆ. ಮೊನ್ನೆ ಬೋಲ್ಟುಗಳಿಗೆಲ್ಲ ಸ್ಪ್ಯಾನರ್ ಹಾಕಿ ನೋಡಿದೆ. ಎರಡು ಮಾತ್ರ ಕಾಲು ಸುತ್ತು ತಿರುಗಿದವು. ತಳ್ಳಿ ಅಳೆದರೆ ಈಗಲೂ 4 ಮಿಮೀ. ಕಾಲಿನ ತೂತುಗಳ ಕೆಳಗೆ ಬಿಳಿ ಚೀಟಿ ಇಟ್ಟು, ಮೇಲಿನ ಮೆಟ್ಟಿಲಿಗೆ ಒಂದು ತಂಬಿಗೆ ನೀರು ಸುರಿದೆ. ಐದು ಕಾಲಿನಿಂದ ಒಂದು ಹನಿಯೂ ಬರಲಿಲ್ಲ, ಇಲ್ಲವೇ ತಿಳಿಯಾಗಿ ಬಂತು. ಹಿಂದಿನ ಬಲಗಾಲಿನದು ಮಾತ್ರ ಕಂದು ಬಣ್ಣಕ್ಕಿತ್ತು. ಬೋಲ್ಟು ಬಿಗಿದು ಪೈಪು ಚಪ್ಪಟೆಯಾಗಿದ್ದ ಕಾಲು ಅದೇ. ಅಲ್ಲಿ ಪ್ರೈಮರ್ ಕೆಳಗೆ ಇಳಿದೇ ಇರಲಿಲ್ಲ ಅಂತ ಕಾಣುತ್ತದೆ. ಮೇಲಿನ ಮೆಟ್ಟಿಲು ಖಾಲಿ ಮಾಡಿ ಆ ಕಾಲನ್ನು ಬಿಚ್ಚಿದ್ದೇನೆ. ಮಡಚಿದ ಜಾಗವನ್ನು ಒಳಗಿನಿಂದ ಸರಳು ತೂರಿಸಿ ಉಬ್ಬಿಸಿ, ಎರಡೂ ಕಡೆಯಿಂದ ಪ್ರೈಮರ್ ಸುರಿದು, ಗೋಡೆಗೆ ಒರಗಿಸಿ ಒಣಗೋಕೆ ಇಟ್ಟಿದ್ದೇನೆ. ಲೋಳೆಸರ, ಜೇಡ್ ಎಲ್ಲ ನಾಳೆವರೆಗೆ ಕಿಟಕಿಯ ಕಟ್ಟೆ ಮೇಲೆ.